ಕಬ್ಬಿಣದ ಮಾತ್ರೆ: ನುಂಗುವ ಮುನ್ನ ನಾಲ್ಕು ಪ್ರಶ್ನೆಗಳು



ನಮ್ಮ ಆರೋಗ್ಯ ಕಾರ್ಯಕ್ರಮಕ್ಕೆ ಬರುವ ಪತ್ರಗಳ ಕಟ್ಟಿನಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. “ರಕ್ತ ಕಡಿಮೆ ಇದೆ ಎಂದು ಹೇಳಿದ್ದಾರೆ. ಕಬ್ಬಿಣದ ಮಾತ್ರೆಗಳಲ್ಲಿ ಯಾವುದು ಒಳ್ಳೆಯದು?” ಬಸುರಿ ಹೆಣ್ಣುಮಕ್ಕಳು ಕೇಳುತ್ತಾರೆ, ಕಾಲೇಜಿಗೆ ಹೋಗುವ ಹುಡುಗಿಯರ ತಾಯಂದಿರು ಕೇಳುತ್ತಾರೆ, ವಯಸ್ಸಾದವರ ಪರವಾಗಿ ಮಕ್ಕಳು ಕೇಳುತ್ತಾರೆ. ಸ್ಟುಡಿಯೋಗೆ ಬಂದ ವೈದ್ಯರು ಉತ್ತರ ಕೊಡುತ್ತಾರೆ. ಆದರೆ ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಈ ಪ್ರಶ್ನೆಯ ಪಾಲಿಗೆ ಸಿಗುವುದು ಎರಡು ಮೂರು ನಿಮಿಷ ಮಾತ್ರ. “ಸಮಯವಾಯಿತು, ಮುಗಿಸಿ” ಎಂದು ನಿಯಂತ್ರಣ ಕೊಠಡಿಯಿಂದ ಸೂಚನೆ ಕಳಿಸುವವಳು ನಾನೇ. ಆದ್ದರಿಂದ ಅಲ್ಲಿ ಹೇಳದೆ ಉಳಿದದ್ದನ್ನು ಈ ಪುಟಗಳಲ್ಲಿ ನಿಮ್ಮ ಮುಂದಿಡುವ ಹೊಣೆಯೂ ನನ್ನದೇ ಎಂದುಕೊಂಡಿದ್ದೇನೆ.

ನಾನು ವೈದ್ಯಳಲ್ಲ. ರಸಾಯನಶಾಸ್ತ್ರ ಓದಿ, ಬಿ.ಎಸ್ಸಿ. ಮುಗಿಸಿ, ಕ್ಯಾಮೆರಾದ ಹಿಂದಿನ ಕೆಲಸಕ್ಕೆ ಬಂದವಳು. ವೈದ್ಯರು ಹೇಳುವುದನ್ನು ಜನರಿಗೆ ಅರ್ಥವಾಗುವಂತೆ ಜೋಡಿಸುವುದು ನನ್ನ ಉದ್ಯೋಗ. ಈ ಉದ್ಯೋಗದಿಂದ ಬಂದ ಅರೆಬರೆ ತಿಳಿವಳಿಕೆಯಿಂದ ನನ್ನ ಮನೆಯಲ್ಲೇ ಒಂದು ಅನಾಹುತ ಆಗುವುದರಲ್ಲಿತ್ತು. ಮೊದಲು ಅದನ್ನು ಹೇಳಿಬಿಡುತ್ತೇನೆ.

2018ರ ಮಾತು. ನನ್ನ ತಾಯಿಗೆ ಆಗ ಅರವತ್ತೆಂಟು ವರ್ಷ. ಅರಸೀಕೆರೆಯ ಕಡೆ ನಮ್ಮ ಊರಿನಲ್ಲಿ ಅಣ್ಣನ ಮನೆಯಲ್ಲಿದ್ದರು. ಮಂಡಿನೋವಿಗೆಂದು ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ತಿಂಗಳುಗಟ್ಟಲೆ ನುಂಗುತ್ತಿದ್ದರು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಮುಖ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.8 ಎಂದು ಬಂತು. “ವಯಸ್ಸಾಯಿತಲ್ಲ” ಎಂದು ಎಲ್ಲರೂ ಸಮಾಧಾನ ಮಾಡಿಕೊಂಡೆವು. ಕಬ್ಬಿಣದ ಮಾತ್ರೆ ಶುರುವಾಯಿತು. ವಾರ ಕಳೆದ ಮೇಲೆ ಅಮ್ಮ ಫೋನು ಮಾಡಿ, “ಹೊರಕಡೆ ಹೋದಾಗ ಕಪ್ಪಗೆ ಹೋಗ್ತದೆ ಕಣೇ, ಡಾಂಬರಿದ್ದ ಹಾಗೆ” ಎಂದರು. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ ಎಂದು ನಮ್ಮದೇ ಕಾರ್ಯಕ್ರಮದಲ್ಲಿ ಹತ್ತು ಸಲ ಕೇಳಿದ್ದ ನಾನು, “ಅದು ಹಾಗೇ ಆಗೋದಮ್ಮ, ಹೆದರಬೇಡ, ಮಾತ್ರೆ ನಿಲ್ಲಿಸಬೇಡ” ಎಂದು ಧೈರ್ಯ ಹೇಳಿದೆ.

ನಾನು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಐದು ವಾರದ ನಂತರ ಮತ್ತೆ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಏರುವ ಬದಲು 7.1ಕ್ಕೆ ಇಳಿದಿತ್ತು. ಬೆಂಗಳೂರಿಗೆ ಕರೆತಂದೆವು. ವೈದ್ಯರು ಅಮ್ಮನನ್ನು ಕೇಳಿದ ಮೊದಲ ಪ್ರಶ್ನೆ, “ಮಾತ್ರೆ ಶುರು ಮಾಡೋ ಮುಂಚೆಯೂ ಕಪ್ಪಗೆ ಹೋಗ್ತಿತ್ತಾ ಅಮ್ಮ?” ಎಂದು. “ಹೂಂ, ಅದಕ್ಕೂ ಹದಿನೈದು ಇಪ್ಪತ್ತು ದಿನ ಮುಂಚಿಂದ ಆಗಾಗ ಹಾಗೇ ಇತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ” ಎಂದರು ಅಮ್ಮ. ಎಂಡೋಸ್ಕೋಪಿ ಮಾಡಿದಾಗ ಜಠರದಲ್ಲಿ ಹುಣ್ಣು ಕಂಡಿತು. ನೋವಿನ ಮಾತ್ರೆಗಳಿಂದ ಆದ ಹುಣ್ಣು; ಅದರಿಂದ ರಕ್ತ ಸೋರುತ್ತಿತ್ತು. ನಾವು ಒಂದು ಕಡೆಯಿಂದ ಕಬ್ಬಿಣ ತುಂಬುತ್ತಿದ್ದೆವು, ಇನ್ನೊಂದು ಕಡೆಯಿಂದ ಅದಕ್ಕಿಂತ ಹೆಚ್ಚು ಹೋಗುತ್ತಿತ್ತು.

ನೋವಿನ ಮಾತ್ರೆ ನಿಲ್ಲಿಸಿ, ಹುಣ್ಣಿಗೆ ಚಿಕಿತ್ಸೆ ಕೊಟ್ಟು, ಅದೇ ಕಬ್ಬಿಣದ ಮಾತ್ರೆ ಮುಂದುವರಿಸಿದ ಮೇಲೆ ನಾಲ್ಕು ತಿಂಗಳಲ್ಲಿ ಅಮ್ಮ ಮೊದಲಿನಂತಾದರು. ಅಂದಿನಿಂದ, ಯಾವ ಮಾತ್ರೆ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ನಾಲ್ಕು ಪ್ರಶ್ನೆಗಳನ್ನು ಮುಂದಿಡುತ್ತೇನೆ. ರಕ್ತ ಏಕೆ ಕಡಿಮೆಯಾಯಿತು? ಮಾತ್ರೆಯಲ್ಲಿ ಎಷ್ಟು ಕಬ್ಬಿಣವಿದೆ? ಹೇಗೆ, ಎಷ್ಟು ದಿನ ತೆಗೆದುಕೊಳ್ಳಬೇಕು? ಮನೆಯಲ್ಲಿ ಎಲ್ಲಿ ಇಡಬೇಕು? ಒಂದೊಂದಾಗಿ ನೋಡೋಣ.

ಏಕೆ ಕಡಿಮೆಯಾಯಿತು?

ದೊಡ್ಡವರ ದೇಹದಲ್ಲಿರುವ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ. ಒಂದು ಸಾಧಾರಣ ಮೊಳೆಯ ತೂಕ. ಅದರ ಮೂರನೆ ಎರಡು ಪಾಲು ರಕ್ತದ ಕೆಂಪು ಕಣಗಳಲ್ಲಿದೆ. ಅಲ್ಲಿ ಅದು ಹಿಮೋಗ್ಲೋಬಿನ್‌ನ ಭಾಗವಾಗಿ ಆಮ್ಲಜನಕವನ್ನು ಹೊತ್ತೊಯ್ಯುತ್ತದೆ. ಹಳೆಯ ಕಣಗಳು ಸತ್ತಾಗ ದೇಹ ಅವುಗಳ ಕಬ್ಬಿಣವನ್ನು ಎಸೆಯದೆ ಮತ್ತೆ ಬಳಸಿಕೊಳ್ಳುತ್ತದೆ. ಹೀಗಾಗಿ ಆಹಾರದಿಂದ ದಿನಕ್ಕೆ 1ರಿಂದ 2 ಮಿಲಿಗ್ರಾಂ ಒಳಗೆ ಸೇರಿದರೆ ಸಾಕಾಗುತ್ತದೆ. ಆದರೆ 1 ಮಿಲಿಲೀಟರ್ ರಕ್ತ ಹೊರಗೆ ಹೋದರೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಯಿತೆಂದು ಲೆಕ್ಕ. ದಿನಕ್ಕೆ ಎರಡು ಟೀ ಚಮಚದಷ್ಟು, ಅಂದರೆ 10 ಮಿಲಿಲೀಟರ್ ರಕ್ತ ಕಾಣದಂತೆ ಸೋರಿದರೂ 5 ಮಿಲಿಗ್ರಾಂ ನಷ್ಟ. ಬರುವುದು ಎರಡು, ಹೋಗುವುದು ಐದು. ಮನೆ ಖರ್ಚು ನೋಡಿಕೊಳ್ಳುವ ಯಾರಿಗೂ ಈ ಲೆಕ್ಕ ಎಲ್ಲಿಗೆ ಮುಟ್ಟುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ರಕ್ತ ಎಲ್ಲಿ ಸೋರುತ್ತದೆ? ಹೆಂಗಸರಲ್ಲಿ ಮುಟ್ಟಿನ ಅತಿಸ್ರಾವ ಮೊದಲ ಕಾರಣ. “ಎಲ್ಲರಿಗೂ ಹೀಗೇ ಇರುತ್ತದೆ” ಎಂದು ಸಹಿಸಿಕೊಂಡು ಹೇಳದೆ ಇರುವವರೇ ಹೆಚ್ಚು. ಮೂಲವ್ಯಾಧಿ ಇನ್ನೊಂದು. ಬರಿಗಾಲಲ್ಲಿ ಹೊಲಗದ್ದೆಗಳಲ್ಲಿ ಓಡಾಡುವವರಿಗೆ ಪಾದದ ಚರ್ಮದ ಮೂಲಕ ಒಳಸೇರುವ ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಡುವುದರ ಹಿಂದೆ ಈ ಕಾರಣವೂ ಇದೆ. ಬಸುರಿಯರ ವಿಷಯ ಬೇರೆ. ಅಲ್ಲಿ ಸೋರಿಕೆಗಿಂತ ಬೇಡಿಕೆ ಹೆಚ್ಚು. ಒಂದು ಬಸಿರಿಗೆ ಬೇಕಾಗುವ ಕಬ್ಬಿಣ ಒಟ್ಟು ಸುಮಾರು 1 ಗ್ರಾಂ.

ಆದ್ದರಿಂದ ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆ ಕಂಡರೆ ಬರೀ ಮಾತ್ರೆ ಕೊಟ್ಟು ಸುಮ್ಮನಾಗುವಂತಿಲ್ಲ. ಹೊಟ್ಟೆ, ಕರುಳುಗಳಲ್ಲಿ ಹುಣ್ಣೋ ಗಡ್ಡೆಯೋ ಇರಬಹುದು, ಪರೀಕ್ಷೆ ಆಗಲೇಬೇಕು. ಕಬ್ಬಿಣದ ಮಾತ್ರೆಯಿಂದ ಮಲದ ಬಣ್ಣ ಕಡುಹಸಿರು ಅಥವಾ ಕಪ್ಪಾಗುವುದು ನಿಜ, ಅದರಿಂದ ಕೆಡುಕಿಲ್ಲ. ಆಗ ಗಟ್ಟಿತನ ಎಂದಿನಂತೆಯೇ ಇರುತ್ತದೆ. ಆದರೆ ಡಾಂಬರಿನಂತೆ ಜಿಗುಟಾಗಿ, ಹೊಳೆಯುತ್ತ, ಅಸಾಧ್ಯ ವಾಸನೆಯಿಂದ ಕೂಡಿದ್ದರೆ ಅದು ಮಾತ್ರೆಯ ಬಣ್ಣವಲ್ಲ, ಜೀರ್ಣವಾದ ರಕ್ತ. ಮಾತ್ರೆ ಶುರುವಾಗುವ ಮೊದಲೇ ಕಪ್ಪಗಿದ್ದರೂ ಹಾಗೆಯೇ. ಆ ದಿನವೇ ವೈದ್ಯರನ್ನು ಕಾಣಿರಿ. ನನ್ನ ತಾಯಿ “ಡಾಂಬರಿದ್ದ ಹಾಗೆ” ಎಂದೇ ಹೇಳಿದ್ದರು. ಆ ಪದವನ್ನು ನಾನು ಕೇಳಿಸಿಕೊಳ್ಳಲಿಲ್ಲ.

ಇನ್ನೊಂದು ಮಾತು. ರಕ್ತಹೀನತೆ ಎಲ್ಲವೂ ಕಬ್ಬಿಣದ ಕೊರತೆಯಲ್ಲ. ಬಿ-12 ಜೀವಸತ್ವದ ಕೊರತೆ ಸಸ್ಯಾಹಾರಿಗಳಲ್ಲಿ ಸಾಮಾನ್ಯ. ಕೈಕಾಲು ಜೋಮು ಹಿಡಿಯುವುದು ಅದರ ಒಂದು ಲಕ್ಷಣ. ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಎಂಬ ವಂಶಪಾರಂಪರ್ಯ ರೋಗಗಳಲ್ಲೂ ಹಿಮೋಗ್ಲೋಬಿನ್ ಕಡಿಮೆ ಇರುತ್ತದೆ. ಇಂಥವರಲ್ಲಿ, ಅದರಲ್ಲೂ ಪದೇ ಪದೇ ರಕ್ತ ಹಾಕಿಸಿಕೊಂಡವರಲ್ಲಿ, ಕಬ್ಬಿಣ ಆಗಲೇ ಮಿತಿಮೀರಿರಬಹುದು. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ನಮ್ಮ ದೇಹಕ್ಕಿಲ್ಲ. ಅದು ಯಕೃತ್ತು, ಹೃದಯಗಳಲ್ಲಿ ಕೂತು ಹಾನಿ ಮಾಡುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮನೆತನದಲ್ಲಿ ಇಂಥ ರೋಗವಿದ್ದರೆ ಮಾತ್ರೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಸಂದೇಹವಿದ್ದರೆ ಫೆರಿಟಿನ್ ಎಂಬ ರಕ್ತ ಪರೀಕ್ಷೆ ಇದೆ; ದೇಹದ ಉಗ್ರಾಣದಲ್ಲಿ ಕಬ್ಬಿಣ ಎಷ್ಟು ಉಳಿದಿದೆ ಎಂದು ಅದು ತಿಳಿಸುತ್ತದೆ.

ಮಾತ್ರೆಯಲ್ಲಿ ಎಷ್ಟು ಕಬ್ಬಿಣವಿದೆ?

ಇನ್ನು ನಿಮ್ಮ ಮೂಲ ಪ್ರಶ್ನೆಗೆ ಬರೋಣ. ಅಂಗಡಿಯ ಕಪಾಟಿನಲ್ಲಿ ಹತ್ತಾರು ಹೆಸರುಗಳು. ಆದರೆ ಒಳಗಿರುವುದು ಕಬ್ಬಿಣದ ನಾಲ್ಕಾರು ಲವಣಗಳು. ಹಳೆಯದು ಫೆರಸ್ ಸಲ್ಫೇಟ್. ನಮ್ಮ ಹಿರಿಯರು ಅನ್ನಭೇದಿ ಎಂದು ಕರೆಯುತ್ತಿದ್ದ ಹಸಿರು ಹರಳು ಇದೇ. ಫ್ರಾನ್ಸಿನ ಬ್ಲೋ ಎಂಬ ವೈದ್ಯರು ಇದರಿಂದ ಮಾತ್ರೆ ಮಾಡಿದ್ದು 1832ರಲ್ಲಿ. ಸುಮಾರು ಇನ್ನೂರು ವರ್ಷಗಳಾದರೂ ಅದನ್ನು ಬದಿಗೆ ಸರಿಸುವ ಔಷಧಿ ಬಂದಿಲ್ಲ. ಫೆರಸ್ ಫ್ಯೂಮರೇಟ್, ಫೆರಸ್ ಗ್ಲೂಕೋನೇಟ್, ಫೆರಸ್ ಆಸ್ಕಾರ್ಬೇಟ್ ಅದರ ನಂತರ ಬಂದವು.

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಮಿಲಿಗ್ರಾಂ ಹಲವು ಸಲ ಲವಣದ ತೂಕ, ಕಬ್ಬಿಣದ್ದಲ್ಲ. 300 ಮಿಲಿಗ್ರಾಂ ಫೆರಸ್ ಸಲ್ಫೇಟ್ ಹರಳಿನಲ್ಲಿ ಕಬ್ಬಿಣ 60 ಮಿಲಿಗ್ರಾಂ. ನೀರಿನಂಶ ತೆಗೆದ ಒಣ ಸಲ್ಫೇಟ್ ಆದರೆ 200 ಮಿಲಿಗ್ರಾಂನಲ್ಲೇ ಸುಮಾರು 65. ಫ್ಯೂಮರೇಟ್ 200ರಲ್ಲೂ ಅಷ್ಟೇ. ಗ್ಲೂಕೋನೇಟ್ 300ರಲ್ಲಿ 35 ಮಾತ್ರ. ಆದ್ದರಿಂದ ಸಣ್ಣ ಅಕ್ಷರದಲ್ಲಿರುವ ‘ಎಲಿಮೆಂಟಲ್ ಐರನ್’ ಎಂಬ ಸಾಲನ್ನು ಹುಡುಕಿ ಓದಿರಿ. ಅದೇ ನಿಜವಾದ ಕಬ್ಬಿಣ. ವೈದ್ಯರು ಹೇಳಿದ ಪ್ರಮಾಣವನ್ನು ಅದರ ಜೊತೆ ಹೋಲಿಸಬೇಕು. ರಕ್ತವೃದ್ಧಿಯ ಟಾನಿಕ್ಕುಗಳನ್ನೂ ಹೀಗೆಯೇ ಓದಿ ನೋಡಿರಿ. ಕೆಲವು ಬಾಟಲಿಗಳಲ್ಲಿ ಸಿಹಿ ಹೆಚ್ಚು, ಕಬ್ಬಿಣ ಕಡಿಮೆ.

“ಸರ್ಕಾರಿ ಆಸ್ಪತ್ರೆಯ ಕೆಂಪು ಮಾತ್ರೆ ಸಾಕೇ, ದುಡ್ಡು ಕೊಟ್ಟು ಬೇರೆ ತರಬೇಕೇ?” ಎಂದು ಕೇಳುವವರಿದ್ದಾರೆ. 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಯೋಜನೆಯ ಈ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ಬಸುರಿಯರಿಗೆ ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಹತ್ತರಿಂದ ಹತ್ತೊಂಬತ್ತರ ವಯಸ್ಸಿನವರಿಗೆ ಇದೇ ಪ್ರಮಾಣದ ನೀಲಿ ಮಾತ್ರೆ, ವಾರಕ್ಕೊಂದು. ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ 45 ಮಿಲಿಗ್ರಾಂ ಕಬ್ಬಿಣದ ಗುಲಾಬಿ ಮಾತ್ರೆ, ವಾರಕ್ಕೊಂದು. ಅದಕ್ಕಿಂತ ಚಿಕ್ಕವರಿಗೆ, ಆರು ತಿಂಗಳು ತುಂಬಿದ ಮೇಲೆ, ಹನಿ ಲೆಕ್ಕದ ಸಿರಪ್. ಇದು ಕೊರತೆ ಬಾರದಂತೆ ಕೊಡುವ ಪ್ರಮಾಣ. ಕೊರತೆ ಬಂದಾಗಿದ್ದರೆ ವೈದ್ಯರು ಅದನ್ನು ಹೆಚ್ಚಿಸುತ್ತಾರೆ. ಅದನ್ನು ನೀವೇ ನಿರ್ಧರಿಸಬಾರದು. ಮಾತ್ರೆಯ ಮಟ್ಟಿಗೆ ಹೇಳುವುದಾದರೆ, ನೀವು ಸಹಿಸಬಲ್ಲಿರಾದರೆ ಈ ಸಾದಾ ಮಾತ್ರೆ ಸಾಕು. ‘ನಿಧಾನವಾಗಿ ಕರಗುವ’ ದುಬಾರಿ ಮಾತ್ರೆಗಳು ಹೊಟ್ಟೆಗೆ ಹಿತವೆನಿಸಬಹುದು. ಆದರೆ ಕಬ್ಬಿಣವನ್ನು ಹೀರುವುದು ಸಣ್ಣ ಕರುಳಿನ ಮೊದಲ ಭಾಗ. ಅದನ್ನು ದಾಟಿದ ಮೇಲೆ ಕರಗುವ ಕಬ್ಬಿಣದ ಬಹುಪಾಲು ವ್ಯರ್ಥ.

ಈ ಮಾತ್ರೆಯ ಎರಡನೆಯ ಪಾಲಾದ ಫೋಲಿಕ್ ಆಮ್ಲಕ್ಕೆ ನಮ್ಮ ದೇಶದೊಡನೆ ಒಂದು ನಂಟಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಡ ಬಸುರಿ ಹೆಂಗಸರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಕೆಲವರ ಆಹಾರದಲ್ಲೇ ಯಾವುದೋ ಅಂಶ ಕಡಿಮೆಯಾಗಿದೆ, ಯೀಸ್ಟಿನ ಸಾರ ಕೊಟ್ಟರೆ ಅವರು ಚೇತರಿಸಿಕೊಳ್ಳುತ್ತಾರೆ ಎಂದು 1931ರಲ್ಲಿ ತೋರಿಸಿಕೊಟ್ಟರು. ಆ ಅಂಶವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಅಂದು ಮುಂಬಯಿಯ ಹೆಂಗಸರಿಂದ ಕಲಿತದ್ದು ಇಂದು ನಮ್ಮ ಆಶಾ ಕಾರ್ಯಕರ್ತೆಯ ಚೀಲದಲ್ಲಿದೆ.

ಹೇಗೆ, ಎಷ್ಟು ದಿನ?

ಒಮ್ಮೆ ನಮ್ಮ ಸ್ಟುಡಿಯೋದಲ್ಲಿ ಒಂದು ಪುಟ್ಟ ಪ್ರಯೋಗ ತೋರಿಸಿದ್ದೆವು. ಕಬ್ಬಿಣದ ಮಾತ್ರೆಯ ಮೇಲಿನ ಬಣ್ಣ ಕೆರೆದು, ಪುಡಿ ಮಾಡಿ ನೀರಿನಲ್ಲಿ ಕದಡಿದೆವು. ಆ ನೀರನ್ನು ಹಾಲು ಹಾಕದ ಚಹಾ ಡಿಕಾಕ್ಷನ್ನಿಗೆ ಹನಿಸಿದಾಗ ಗಾಜಿನ ಲೋಟದಲ್ಲಿದ್ದದ್ದು ನೋಡನೋಡುತ್ತಲೇ ಮಸಿಯಂತೆ ಕಪ್ಪಾಯಿತು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದು ಇದೇ ತತ್ವದ ಮೇಲೆ. ಒಗರಿನ ಅಂಶ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಕಟ್ಟಿಹಾಕಿದ ಕಬ್ಬಿಣವನ್ನು ಕರುಳು ಹೀರಲಾರದು. ಚಹಾದ ಜೊತೆ ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಕಾಫಿಯೂ ತಡೆಯುತ್ತದೆ. ಹಾಲು, ಮೊಸರಿನ ಸುಣ್ಣದ ಅಂಶವೂ ತಡೆಯುತ್ತದೆ. “ಮಾತ್ರೆ ಉಷ್ಣ, ಹಾಲಿನಲ್ಲಿ ತಗೋ” ಎಂದು ಅತ್ತೆಯವರು ಪ್ರೀತಿಯಿಂದ ಹೇಳಬಹುದು; ಆದರೆ ಅದರಿಂದ ಮಾತ್ರೆಯ ಗುಣ ಹೊಟ್ಟೆಗೆ ದಕ್ಕುವುದಿಲ್ಲ.

ಸರಿಯಾದ ಕ್ರಮ ಹೀಗೆ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ, ಒಂದು ಲೋಟ ನೀರಿನ ಜೊತೆ ನುಂಗಿರಿ. ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಒಳ್ಳೆಯದು. ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣುಗಳ ಸಿ ಜೀವಸತ್ವ ಕಬ್ಬಿಣ ಹೀರಲು ನೆರವಾಗುತ್ತದೆ. ಕಾಫಿ, ಚಹಾಗಳನ್ನು ಹಿಂದೆ ಒಂದು ಗಂಟೆ, ಮುಂದೆ ಒಂದೆರಡು ಗಂಟೆ ದೂರವಿಡಿ. ಬಸುರಿಯರಿಗೆ ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಡುತ್ತಾರೆ. ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳಬೇಡಿ, ಎರಡು ಗಂಟೆಯಾದರೂ ಅಂತರವಿರಲಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ನಾಲ್ಕು ಗಂಟೆಯ ಅಂತರ ಕೊಡಬೇಕು. ಇಲ್ಲದಿದ್ದರೆ ಆ ಔಷಧಿಯೂ ಕೆಡುತ್ತದೆ. ಸಿಪ್ರೋಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ನಂಥ ಸೋಂಕು ನಿವಾರಕಗಳ ವಿಷಯದಲ್ಲೂ ವೈದ್ಯರನ್ನು ಕೇಳಿ ಹೊತ್ತು ಬದಲಿಸಿಕೊಳ್ಳಿ. ಆಮ್ಲಪಿತ್ತಕ್ಕೆಂದು ದಿನವೂ ಮಾತ್ರೆ ನುಂಗುವವರು ಅದನ್ನೂ ತಿಳಿಸಬೇಕು. ಹೊಟ್ಟೆಯ ಆಮ್ಲ ಕಡಿಮೆಯಾದರೆ ಕಬ್ಬಿಣ ಹೀರುವುದೂ ಕಡಿಮೆಯಾಗುತ್ತದೆ. ಜ್ವರ, ಭೇದಿಯ ದಿನಗಳಲ್ಲಿ ಮಕ್ಕಳಿಗೆ ಕಬ್ಬಿಣ ಕೊಡದೆ, ಗುಣವಾದ ಮೇಲೆ ಮುಂದುವರಿಸಬೇಕು.

ವಾಕರಿಕೆ, ಹೊಟ್ಟೆನೋವು, ಮಲಬದ್ಧತೆ ಇವುಗಳಿಂದ ಬೇಸತ್ತು ಮಾತ್ರೆ ಬಿಡುವವರು ಬಹಳ. ಬಿಡುವ ಮೊದಲು ಮೂರು ದಾರಿಗಳಿವೆ. ಊಟವಾದ ಮೇಲೆ ತೆಗೆದುಕೊಳ್ಳಿ. ಸ್ವಲ್ಪ ಕಡಿಮೆ ಹೀರಿದರೂ ಏನೂ ಇಲ್ಲದ್ದಕ್ಕಿಂತ ಮೇಲು. ರಾತ್ರಿ ಮಲಗುವಾಗ ತೆಗೆದುಕೊಳ್ಳಿ. ಅದಕ್ಕೂ ಆಗದಿದ್ದರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಇದಕ್ಕೆ ಶಾಸ್ತ್ರದ ಆಧಾರವಿದೆ. ಒಮ್ಮೆಗೆ ಹೆಚ್ಚು ಕಬ್ಬಿಣ ಬಂದಾಗ ಯಕೃತ್ತು ಹೆಪ್ಸಿಡಿನ್ ಎಂಬ ರಸದೂತವನ್ನು ಬಿಡುಗಡೆ ಮಾಡುತ್ತದೆ. ಅದು ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರೆಮುಚ್ಚಿರುತ್ತದೆ. ಸ್ವಿಟ್ಜರ್‌ಲೆಂಡಿನಲ್ಲಿ ಕಬ್ಬಿಣದ ಸಂಗ್ರಹ ಕಡಿಮೆಯಿದ್ದ ಯುವತಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯಿಂದ ಹೆಚ್ಚು ಪಾಲು ಕಬ್ಬಿಣ ಒಳಸೇರಿತು. ಆದ್ದರಿಂದ ಬೇಗ ಗುಣವಾಗಲೆಂದು ಒಂದರ ಬದಲು ಮೂರು ನುಂಗುವುದರಲ್ಲಿ ಅರ್ಥವಿಲ್ಲ. ಹೊಟ್ಟೆ ಕೆಡುವುದೊಂದೇ ಲಾಭ. ಆದರೆ ಬಸುರಿಯರು ಮಾತ್ರ ತಮ್ಮಷ್ಟಕ್ಕೆ ದಿನ ಬಿಡಬಾರದು. ತಾಯಿ ಕಾರ್ಡಿನಲ್ಲಿ ಬರೆದಂತೆ ನಡೆಯಬೇಕು.

ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ ಎಂಬ ಮಾತು ಇಂದಿಗೂ ಪತ್ರಗಳಲ್ಲಿ ಬರುತ್ತದೆ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವಿಲ್ಲ. ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬುದೂ ತಪ್ಪು. ಹೆರಿಗೆಯಲ್ಲಿ ರಕ್ತ ಹೋಗುವುದು ಸಹಜ. ಮೊದಲೇ ರಕ್ತ ಕಡಿಮೆಯಿದ್ದ ತಾಯಿಗೆ ಆ ನಷ್ಟವನ್ನು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಕಷ್ಟ ಬರುವುದು ಅಲ್ಲಿಂದ.

ಎಷ್ಟು ದಿನ? ಹೆಂಗಸರಲ್ಲಿ ಹಿಮೋಗ್ಲೋಬಿನ್ 12, ಬಸುರಿಯರಲ್ಲಿ 11, ಗಂಡಸರಲ್ಲಿ 13ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುವುದು ವಾಡಿಕೆ. ಮಾತ್ರೆ ಶುರು ಮಾಡಿ ಒಂದು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿ. ಕನಿಷ್ಠ 1 ಗ್ರಾಂ ಏರಿರಬೇಕು. ಏರಿಲ್ಲವಾದರೆ ಮಾತ್ರೆಯ ಹೆಸರು ಬದಲಿಸಬೇಡಿ, ವೈದ್ಯರ ಬಳಿಗೆ ಹೋಗಿ ಕಾರಣ ಹುಡುಕಿಸಿ. ನಮ್ಮ ಮನೆಯಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿದ್ದು ಈ ಎರಡನೆಯ ಪರೀಕ್ಷೆಯೇ. ಅಂಕಿ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಯಬೇಕು. ರಕ್ತ ತುಂಬಿದರೂ ಉಗ್ರಾಣ ಇನ್ನೂ ಖಾಲಿಯಿರುತ್ತದೆ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಮನೆಮದ್ದಿಗೂ ಮಾತ್ರೆಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ರಕ್ತನಾಳದ ಮೂಲಕ ಕಬ್ಬಿಣ ಕೊಡುವ ಔಷಧಿಗಳಿವೆ. ಅವನ್ನು ಆಸ್ಪತ್ರೆಯಲ್ಲೇ ಕೊಡಿಸಿಕೊಳ್ಳಬೇಕು.

ಆಹಾರದಿಂದಲೇ ಸಾಲದೇ ಎಂದು ನೀವು ಕೇಳಬಹುದು. ರಾಗಿಯಲ್ಲಿ 100 ಗ್ರಾಂಗೆ 4ರಿಂದ 5 ಮಿಲಿಗ್ರಾಂ ಕಬ್ಬಿಣವಿದೆ. ಬೆಲ್ಲದಲ್ಲೂ ಸುಮಾರು ಅಷ್ಟೇ. ಆದರೆ 10 ಗ್ರಾಂನ ಒಂದು ತುಂಡು ಬೆಲ್ಲದಲ್ಲಿ ಸಿಗುವುದು ಅರ್ಧ ಮಿಲಿಗ್ರಾಂಗಿಂತ ಕಡಿಮೆ, ಅದರಲ್ಲೂ ಕರುಳು ಹೀರುವುದು ಚೂರುಪಾರು. ಸೊಪ್ಪು, ಕಾಳು, ರಾಗಿ, ಮಾಂಸ ತಿನ್ನುವವರಿಗೆ ಮಾಂಸ, ಜೊತೆಗೊಂದು ನಿಂಬೆಹೋಳು ಇವೆಲ್ಲ ಕೊರತೆ ಬಾರದಂತೆ ಕಾಯುತ್ತವೆ. ಬಂದ ಕೊರತೆಯನ್ನು ತುಂಬಲು ಸಾಮಾನ್ಯವಾಗಿ ಔಷಧಿಯೇ ಬೇಕು.

ಎಲ್ಲಿ ಇಡಬೇಕು?

ಟಿ.ವಿ. ಕಾರ್ಯಕ್ರಮಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ನಾನೇ ಕೇಳುತ್ತಿದ್ದೇನೆ. ಬಸುರಿ ಅಥವಾ ಬಾಣಂತಿ ಇರುವ ಮನೆಯಲ್ಲಿ ಎರಡು ಮೂರು ವರ್ಷದ ಇನ್ನೊಂದು ಮಗು ಇರುವುದು ಸಾಮಾನ್ಯ. ಮಾತ್ರೆಗಳಿಗೆ ಕೆಂಪು, ಗುಲಾಬಿ ಬಣ್ಣ. ಪೆಪ್ಪರಮೆಂಟಿನ ಹಾಗೆ ಕಾಣುತ್ತವೆ. ದೊಡ್ಡವರಿಗೆ ಔಷಧಿಯಾದದ್ದು ಮಗುವಿಗೆ ವಿಷವಾಗಲು ಹೆಚ್ಚು ಬೇಕಿಲ್ಲ. ಮಗುವಿನ ತೂಕದ ಪ್ರತಿ ಕಿಲೋಗ್ರಾಂಗೆ 20 ಮಿಲಿಗ್ರಾಂ ಕಬ್ಬಿಣ ಮೀರಿದರೆ ತೊಂದರೆ ಶುರುವಾಗಬಹುದು, 60 ಮೀರಿದರೆ ಜೀವಕ್ಕೇ ಅಪಾಯ. 10 ಕಿಲೋಗ್ರಾಂ ತೂಕದ ಮಗುವಿಗೆ ಲೆಕ್ಕ ಹಾಕಿ ನೋಡಿ: 60 ಮಿಲಿಗ್ರಾಂನ ನಾಲ್ಕು ಮಾತ್ರೆಗೆ ತೊಂದರೆಯ ಗಡಿ ದಾಟಿತು, ಹತ್ತು ಮಾತ್ರೆಗೆ ಪ್ರಾಣಾಪಾಯದ ಗಡಿ ಮುಟ್ಟಿತು. 100 ಮಿಲಿಗ್ರಾಂನ ಮಾತ್ರೆಯಾದರೆ ಆರೇ ಸಾಕು.

ಮೊದಲು ವಾಂತಿ, ಭೇದಿ, ಹೊಟ್ಟೆನೋವು. ಕೆಲವೊಮ್ಮೆ ರಕ್ತವೂ ಕಾಣಬಹುದು. ಕೆಲವು ಗಂಟೆಗಳ ನಂತರ ಮಗು ಚೇತರಿಸಿಕೊಂಡಂತೆ ಕಾಣುತ್ತದೆ. ಇದೇ ಮೋಸದ ಹೊತ್ತು. ಆಟವಾಡುತ್ತಿದೆಯಲ್ಲ ಎಂದು ಮನೆಯವರು ಸುಮ್ಮನಾಗುತ್ತಾರೆ. ಅಷ್ಟರಲ್ಲಿ ಕಬ್ಬಿಣ ಯಕೃತ್ತು, ಹೃದಯಗಳಿಗೆ ಇಳಿದಿರುತ್ತದೆ. ಆದ್ದರಿಂದ ಮಗು ಮಾತ್ರೆ ತಿಂದಿದೆ ಎಂಬ ಗುಮಾನಿ ಬಂದರೂ ಲಕ್ಷಣಗಳಿಗೆ ಕಾಯಬೇಡಿ. ಉಪ್ಪುನೀರು ಕುಡಿಸಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಉಳಿದ ಮಾತ್ರೆಗಳ ಸ್ಟ್ರಿಪ್ ಅಥವಾ ಡಬ್ಬಿಯನ್ನು ಕೈಯಲ್ಲಿ ಹಿಡಿದು ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ; 108ಕ್ಕೆ ಕರೆ ಮಾಡಿ. ಎಷ್ಟು ಮಾತ್ರೆ ಇತ್ತು, ಎಷ್ಟು ಉಳಿದಿದೆ, ಯಾವಾಗ ತಿಂದಿತು ಎಂಬ ಮೂರು ವಿಷಯಗಳು ವೈದ್ಯರಿಗೆ ಬೇಕು. ಕಬ್ಬಿಣವನ್ನು ಹಿಡಿದು ಹೊರಹಾಕುವ ಪ್ರತ್ಯೌಷಧ ಇದೆ. ಬೇಗ ತಲುಪಿದ ಮಗು ಉಳಿಯುತ್ತದೆ ಎಂಬ ಭರವಸೆ ಹೆಚ್ಚು.

ಅದಕ್ಕಿಂತ ಸುಲಭದ ಕೆಲಸ ಇಂದೇ ಮಾಡಬಹುದಾದದ್ದು. ಮಾತ್ರೆಗಳನ್ನು ಕಿಟಕಿಯ ಗೂಡಿನಲ್ಲಿ, ದಿಂಬಿನ ಅಡಿಯಲ್ಲಿ, ತೆರೆದ ಕೈಚೀಲದಲ್ಲಿ ಇಡಬೇಡಿ. ಎತ್ತರದ, ಬೀಗವಿರುವ ಕಪಾಟಿನಲ್ಲಿಡಿ. ಸ್ಟ್ರಿಪ್ಪಿನಿಂದ ಬಿಡಿಸಿ ಪೆಪ್ಪರಮೆಂಟಿನ ಡಬ್ಬಿಗೆ ತುಂಬಬೇಡಿ. “ಚಾಕಲೇಟು” ಎಂದು ಹೇಳಿ ದೊಡ್ಡ ಮಗುವಿಗೆ ಮಾತ್ರೆ ನುಂಗಿಸಬೇಡಿ. ಕೇಳಿಸಿಕೊಳ್ಳುವ ಚಿಕ್ಕದು ಮರುದಿನ ಅದನ್ನೇ ಹುಡುಕುತ್ತದೆ.

ಓದುಗ ಮಿತ್ರರೆ, 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57, ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಈ ಪುಸ್ತಕ ಓದುತ್ತಿರುವ ಮನೆಗಳಲ್ಲಿ ಹಲವು ಮನೆಗಳ ಕಪಾಟಿನಲ್ಲಿ ಈಗಲೇ ಈ ಮಾತ್ರೆ ಇದೆ. ಎದ್ದು ಹೋಗಿ ಅದನ್ನು ತನ್ನಿ. ಕಬ್ಬಿಣ ಎಷ್ಟೆಂದು ಓದಿ. ಯಾರಿಗಾಗಿ ತಂದಿದ್ದೋ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಂಕೋಚಪಡದೆ ಕೇಳಿ: ಮುಟ್ಟಿನಲ್ಲಿ ಹೆಚ್ಚು ಹೋಗುತ್ತದೆಯೇ, ಹೊರಕಡೆ ಹೋದಾಗ ಹೇಗಿರುತ್ತದೆ, ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ? ಅವರ ಉತ್ತರವನ್ನು ನಾನು ಅಂದು ಕೇಳಿಸಿಕೊಂಡ ಹಾಗಲ್ಲದೆ, ಪೂರ್ತಿಯಾಗಿ ಕೇಳಿಸಿಕೊಳ್ಳಿ. ಆಮೇಲೆ ಮಾತ್ರೆಯನ್ನು ಮಗುವಿನ ಕೈಗೆಟುಕದ ಕಡೆ ಇಡಿ.

ಅಮ್ಮನಿಗೆ ಈಗ ಎಪ್ಪತ್ತೈದು ದಾಟಿದೆ. ಮಂಡಿನೋವು ಇದ್ದೇ ಇದೆ. ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳುತ್ತಾರೆ. ಯಾವುದೇ ಹೊಸ ಮಾತ್ರೆ ಕೈಗೆ ಬಂದರೂ ಮೊದಲು ಫೋನು ಮಾಡಿ, “ಇದು ಯಾತಕ್ಕೆ ಕೊಟ್ಟಿದಾರೆ, ಕೇಳಿ ಹೇಳೇ” ಎನ್ನುತ್ತಾರೆ. ನಾನು ವೈದ್ಯರನ್ನು ಕೇಳಿ ಹೇಳುತ್ತೇನೆ.